ಮಾಜಿ ಸೈನಿಕನ ಮನೆಯೊಳಗಿನ ಹೊಡೆತ: ಮೊದಲು ಯಾವ ಬಾಗಿಲು?

ಪ್ರಶ್ನೆ: ನಾವು ಬೈಲಹೊಂಗಲ ತಾಲೂಕಿನವರು. ನಮ್ಮ ಯಜಮಾನರು 24 ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದರು. ಊರಿಗೆ ಬಂದು ನಾಲ್ಕು ವರ್ಷವಾಯಿತು. ಈಗ ಏಜೆನ್ಸಿಯ ಮೂಲಕ ಬೆಳಗಾವಿಯ ಒಂದು ಬ್ಯಾಂಕಿನಲ್ಲಿ ಗಾರ್ಡ್ ಕೆಲಸ. ಬಂದೂಕು ಅವರ ಸ್ವಂತದ್ದು, ಮನೆಗೆ ತರುತ್ತಾರೆ. ಕಾಶ್ಮೀರದಲ್ಲಿ ಎರಡು ಸಲ ಇದ್ದವರು. ರಾತ್ರಿ ಕಿರುಚಿ ಎದ್ದು ಕೂರುತ್ತಾರೆ. ಕುಡಿತ ಹೆಚ್ಚಾಗಿದೆ. ಮೊದಲು ಬೈಗುಳವಿತ್ತು, ಈಗ ಕೈ ಮಾಡುತ್ತಾರೆ. ಹೋದ ದೀಪಾವಳಿಯ ಮರುದಿನ ಕುತ್ತಿಗೆ ಅದುಮಿದರು. ಪಿಂಚಣಿ, ಸಂಬಳ, ಕಬ್ಬಿನ ಬಿಲ್ಲು ಮೂರೂ ಅವರ ಖಾತೆಗೆ ಬರುತ್ತವೆ, ಎಟಿಎಂ ಕಾರ್ಡು ಅವರ ಜೇಬಿನಲ್ಲಿರುತ್ತದೆ, ಮಕ್ಕಳ ಫೀ ಕಟ್ಟಲೂ ಕೈಯೊಡ್ಡಬೇಕು. ಮನೆ ಅತ್ತೆಯವರ ಹೆಸರಿನಲ್ಲಿದೆ. 14 ವರ್ಷದ ಮಗ ಈಚೆಗೆ ದಿಂಬಿನ ಕೆಳಗೆ ಕುಡುಗೋಲು ಇಟ್ಟುಕೊಂಡು ಮಲಗುತ್ತಿದ್ದಾನೆ. ದೂರು ಕೊಟ್ಟರೆ ಪಿಂಚಣಿ ನಿಂತುಹೋಗುತ್ತದೆ, ಬಂದೂಕು ಹೋದರೆ ಕೆಲಸವೂ ಹೋಗುತ್ತದೆ ಎಂದು ಅತ್ತೆ ಹೆದರಿಸುತ್ತಾರೆ. ನನಗೆ ಸಂಸಾರ ಒಡೆಯುವುದು ಬೇಡ, ಹೊಡೆತ ನಿಲ್ಲಬೇಕು. ಮೊದಲು ಎಲ್ಲಿಗೆ ಹೋಗಲಿ? ಸೈನಿಕ ಬೋರ್ಡಿಗೋ, ಪೊಲೀಸರಲ್ಲಿಗೋ, ಡಾಕ್ಟರ ಹತ್ತಿರವೋ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಕುತ್ತಿಗೆಯ ವಿಷಯ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಎಟಿಎಂ ಕಾರ್ಡಿಗೆ ಅದಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದೀರಿ. ನಾನು ಆ ಒಂದು ಸಾಲಿನಿಂದಲೇ ಆರಂಭಿಸುತ್ತೇನೆ.

ಕೆನ್ನೆಗೆ ಬಿದ್ದ ಏಟೂ ಕುತ್ತಿಗೆಗೆ ಬಿದ್ದ ಕೈಯೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಕುತ್ತಿಗೆ ಅದುಮಿದಾಗ ಮಿದುಳಿಗೆ ಹೋಗುವ ರಕ್ತ ತಡೆಯುತ್ತದೆ; ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬಹುದು. ಹೊರಗೆ ಒಂದು ಗೀರೂ ಕಾಣದೆ ಒಳಗೆ ಗಂಟಲು ಊದಿಕೊಳ್ಳಬಹುದು, ರಕ್ತನಾಳಕ್ಕೆ ಪೆಟ್ಟಾಗಿ ದಿನಗಳ ನಂತರ ಪಾರ್ಶ್ವವಾಯು ಆದದ್ದೂ ಉಂಟು. ಇಂಥ ಪ್ರಕರಣಗಳನ್ನು ಅಧ್ಯಯನ ಮಾಡಿದವರೆಲ್ಲ ಒಪ್ಪುವ ಮಾತೊಂದಿದೆ: ಒಮ್ಮೆ ಕುತ್ತಿಗೆಗೆ ಕೈ ಹಾಕಿದ ಗಂಡನಿಂದ ಮುಂದೆ ಹೆಂಡತಿಯ ಜೀವಕ್ಕೆ ಅಪಾಯ ಬಹಳ ಹೆಚ್ಚು. ಅದೇ ಮನೆಯಲ್ಲಿ ಬಂದೂಕು ಇದ್ದರೆ ಇನ್ನೂ ಹೆಚ್ಚು. ನಿಮ್ಮ ಮನೆಯಲ್ಲಿ ಎರಡೂ ಇವೆ. ಆದ್ದರಿಂದ ಮೊದಲ ಬಾಗಿಲು ನಿಮ್ಮ ಜೀವ ಉಳಿಸುವ ಬಾಗಿಲಾಗಿರಬೇಕು. ಅವರ ಕಾಯಿಲೆ, ಕುಡಿತ, ಸಿಟ್ಟು ಇವಕ್ಕೂ ಬಾಗಿಲುಗಳಿವೆ, ಅವು ಆಮೇಲೆ. ಇಪ್ಪತ್ತು ವರ್ಷ ಕುಟುಂಬ ಸಲಹೆಯ ಕೆಲಸ ಮಾಡಿ ನಾನು ಕಂಡದ್ದು, ನಮ್ಮ ಹೆಣ್ಣುಮಕ್ಕಳು ಈ ಕ್ರಮವನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಗಂಡನನ್ನು ಗುಣಪಡಿಸಲು ಹೊರಡುತ್ತಾರೆ, ತಮ್ಮ ರಕ್ಷಣೆಯನ್ನು ಅವನು ಗುಣವಾದ ಮೇಲಿನ ದಿನಕ್ಕೆ ಮುಂದೂಡುತ್ತಾರೆ.

ಅತ್ತೆಯವರು ಹಾಕಿದ ಹೆದರಿಕೆಯನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮ್ಮ ಕಿವಿಗೆ ಹೋಗುವುದಿಲ್ಲ. ನೀವು ದೂರು ಕೊಟ್ಟ ಮಾತ್ರಕ್ಕೆ, ನ್ಯಾಯಾಲಯಕ್ಕೆ ಅರ್ಜಿ ಹಾಕಿದ ಮಾತ್ರಕ್ಕೆ ಸೈನಿಕನ ಪಿಂಚಣಿ ನಿಲ್ಲುವುದಿಲ್ಲ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದರೆ ಪಿಂಚಣಿ ತಡೆಹಿಡಿಯುವ ಅಧಿಕಾರ ಸರ್ಕಾರಕ್ಕೆ ಇದೆ, ನಿಜ. ಆದರೆ ನಾನು ನಿಮಗೆ ಹೇಳಹೊರಟಿರುವ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿ ಯಾರನ್ನೂ ಅಪರಾಧಿ ಎಂದು ಘೋಷಿಸಲು ಹಾಕುವಂಥದ್ದಲ್ಲ. ಹೊಡೆಯಬೇಡ, ಮನೆಯಿಂದ ಹೊರಹಾಕಬೇಡ, ಖರ್ಚಿಗೆ ಕೊಡು ಎಂಬ ಆದೇಶ ಪಡೆಯಲು ಹಾಕುವಂಥದ್ದು. ಅದರಲ್ಲಿ ರಕ್ಷಣೆಯ ಆದೇಶವನ್ನು ಮುರಿದರೆ ಮಾತ್ರ ಅದು ಅಪರಾಧ: ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇದರಿಂದ ಮದುವೆಯೂ ಮುರಿಯುವುದಿಲ್ಲ. ನೀವು ಬೇರೆ ಮನೆಯಲ್ಲಿದ್ದು ಈ ಆದೇಶ ಪಡೆದರೂ ಕಾನೂನಿನ ಕಣ್ಣಿನಲ್ಲಿ ಅವರ ಹೆಂಡತಿಯೇ. ಪಿ.ಪಿ.ಓ.ದಲ್ಲಿ, ಅಂದರೆ ಪಿಂಚಣಿಯ ಆದೇಶ ಪತ್ರದಲ್ಲಿ, ನಿಮ್ಮ ಹೆಸರು ಹಾಗೆಯೇ ಇರುತ್ತದೆ, ಮುಂದೆ ಕುಟುಂಬ ಪಿಂಚಣಿಯ ಹಕ್ಕು ಇರುತ್ತದೆ, ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡೂ ನಡೆಯುತ್ತದೆ. ವಿಚ್ಛೇದನವಾದರೆ ಇವೆರಡೂ ಹೋಗುತ್ತವೆ. ಸಿಟ್ಟಿನಲ್ಲಿ, ಅಥವಾ ಯಾರೋ ಐದು ಲಕ್ಷ ಕೊಡಿಸುತ್ತೇನೆಂದು ಆಸೆ ತೋರಿಸಿದಾಗ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕಿ ಆಮೇಲೆ ಹಣೆ ಚಚ್ಚಿಕೊಂಡವರನ್ನು ನೋಡಿದ್ದೇನೆ. ಸಂಸಾರ ಒಡೆಯುವುದು ಬೇಡ ಎಂದಿದ್ದೀರಿ. ಒಡೆಯದೆಯೇ ರಕ್ಷಣೆ ಪಡೆಯುವ ದಾರಿ ಇದು.

ಈಗ ಬಂದೂಕು. ಬ್ಯಾಂಕಿನ ಗಾರ್ಡ್ ಕೆಲಸಕ್ಕೆಂದೇ ಲೈಸೆನ್ಸ್ ಮಾಡಿಸಿಕೊಂಡ ಮಾಜಿ ಸೈನಿಕರು ನಮ್ಮ ಜಿಲ್ಲೆಯಲ್ಲಿ ಬಹಳ. ಅದು ಹೋದರೆ ಆ ಕೆಲಸಕ್ಕೆ ತೊಂದರೆಯಾಗುವುದು ಖಂಡಿತ, ಅತ್ತೆಯವರು ಇಷ್ಟು ಮಾತ್ರ ಸರಿಯಾಗಿ ಹೇಳಿದ್ದಾರೆ. ಆದರೂ ಅದು ಮನೆಯಿಂದ ಹೊರಗೆ ಹೋಗಬೇಕು. ಚುನಾವಣೆ ಬಂದಾಗ ಊರಿನ ಲೈಸೆನ್ಸ್ ಬಂದೂಕುಗಳನ್ನು ಠಾಣೆಯಲ್ಲಿ ಇಡಿಸುವುದನ್ನು ನೀವೇ ನೋಡಿರುತ್ತೀರಿ. ಅದಕ್ಕೆ ಯಾರ ಮಾನವೂ ಹೋಗುವುದಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ನಿಯಮಗಳಲ್ಲಿ, ನ್ಯಾಯಾಧೀಶರು ಲಿಖಿತವಾಗಿ ಸೂಚಿಸಿದರೆ ಸಂರಕ್ಷಣಾಧಿಕಾರಿ (ಈ ಕಾಯ್ದೆಯಡಿ ಹೆಂಗಸರ ನೆರವಿಗೆ ಸರ್ಕಾರ ನೇಮಿಸಿದ ಅಧಿಕಾರಿ) ಪೊಲೀಸರ ನೆರವಿನಿಂದ ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ವಶಕ್ಕೆ ತೆಗೆದುಕೊಳ್ಳಬಹುದು ಎಂದಿದೆ. ಅವರು ಬಂದೂಕು ತೋರಿಸಿ, ಅಥವಾ ಅದರ ಹೆಸರು ಹೇಳಿ, ಒಮ್ಮೆಯಾದರೂ ಬೆದರಿಸಿದ್ದರೆ ಆ ದಿನ, ಆ ಮಾತು ಅರ್ಜಿಯಲ್ಲಿ ಬರಲಿ. 1959ರ ಆಯುಧ ಕಾಯ್ದೆಯ 17ನೇ ಕಲಂ ಪ್ರಕಾರ ಲೈಸೆನ್ಸ್ ಅಮಾನತು ಮಾಡುವ ಅಧಿಕಾರ ಅದನ್ನು ಕೊಟ್ಟವರಿಗೇ ಇದೆ. ನಿಮ್ಮ ಊರಿನ ಮಟ್ಟಿಗೆ ಜಿಲ್ಲಾಧಿಕಾರಿಗಳು. ಲೈಸೆನ್ಸ್ ಪುಸ್ತಕದ ನಂಬರನ್ನು ಬರೆದುಕೊಳ್ಳಿ. ಅತ್ತೆಗೆ ಒಂದು ಮಾತು ಕೇಳಿ: ರಾತ್ರಿ ಕಿರುಚಿ ಏಳುವ, ದಿನವೂ ಕುಡಿಯುವ ಮಗನ ಕೈಗೆ ಸಿಗುವಷ್ಟು ಹತ್ತಿರ ಬಂದೂಕು ಇದ್ದರೆ ಮೊದಲ ಗುಂಡು ಯಾರ ಮೇಲೆ ಹಾರೀತು? ಅದು ಅವರ ಮೇಲೆಯೇ ತಿರುಗಬಹುದು. ತಾಯಿಗೆ ಈ ಮಾತು ಅರ್ಥವಾಗುತ್ತದೆ.

ಇನ್ನು ಬಾಗಿಲುಗಳ ವಿಷಯ. ನಿಮ್ಮ ಪಟ್ಟಿಯಲ್ಲಿ ಸೈನಿಕ ಬೋರ್ಡ್ ಮೊದಲು ಬಂದಿದೆ. ಸಹಜ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಮಿಲಿಟರಿ ಆಸ್ಪತ್ರೆಯಿದೆ, ಸಾಂಬ್ರಾದಲ್ಲಿ ವಾಯುಪಡೆಯಿದೆ. ಇಲ್ಲಿ ಬೆಳೆದವರಿಗೆ ಸೈನ್ಯವೆಂದರೆ ಮನೆಯ ಹಿರಿಯರಿದ್ದ ಹಾಗೆ. ಗೇಟಿನಲ್ಲಿ ನಿಂತು "ಸಾಹೇಬರಿಗೆ ಹೇಳಬೇಕು" ಎಂದು ಬೇಡುವ ಹೆಂಗಸರು ಈಗಲೂ ಇದ್ದಾರೆ. ನಮ್ಮಪ್ಪ ಸುಬೇದಾರರಾಗಿದ್ದವರು, ನನಗೂ ಒಂದು ಕಾಲದಲ್ಲಿ ಅದೇ ನಂಬಿಕೆಯಿತ್ತು. ಆದರೆ ಪಡೆಯಿಂದ ಹೊರಬಂದ ಹವಾಲ್ದಾರನ ಮೇಲೆ ಕಮಾಂಡಿಂಗ್ ಅಧಿಕಾರಿಯ ಮಾತು ನಡೆಯುವುದಿಲ್ಲ. ನಿಮ್ಮ ಯಜಮಾನರು ಈಗ ಪೂರ್ತಿ ನಾಗರಿಕರು. ಅವರನ್ನು ತಡೆಯುವ ಬಲ ನಾಗರಿಕ ಕಾನೂನಿಗೆ ಮಾತ್ರ ಇದೆ.

ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ, ಅಂದರೆ ನೀವು ಸೈನಿಕ ಬೋರ್ಡ್ ಎನ್ನುವುದು, ಕಾಗದಪತ್ರಕ್ಕೆ ಬಹಳ ಉಪಯೋಗದ ಜಾಗ. ಪಿ.ಪಿ.ಓ.ದಲ್ಲಿ ನಿಮ್ಮ ಹೆಸರು, ಜನ್ಮದಿನಾಂಕ ಸರಿಯಾಗಿದೆಯೇ, ಮಕ್ಕಳ ಹೆಸರು ದಾಖಲಾಗಿದೆಯೇ, ಶಿಕ್ಷಣದ ನೆರವಿಗೆ ಅರ್ಜಿ ಹೇಗೆ, ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಏನು ಬರೆಯಬೇಕು, ಇದೆಲ್ಲ ಅವರಿಗೆ ಗೊತ್ತು. ಆದರೆ ಹೊಡೆತದ ಕಥೆಯನ್ನು ಮೊದಲು ಅಲ್ಲಿ ಹೇಳಬೇಡಿ. ಇದು ಕಚೇರಿಯ ತಪ್ಪಲ್ಲ, ಬಳಗದ ಗುಣ. ಮಾಜಿ ಸೈನಿಕರ ಬಳಗ ಎಷ್ಟು ಗಟ್ಟಿಯೆಂದರೆ ಬೆಳಿಗ್ಗೆ ಕಾರಿಡಾರಿನಲ್ಲಿ ಅತ್ತದ್ದು ಸಂಜೆಯೊಳಗೆ ವಾಟ್ಸಾಪ್ ಗುಂಪಿನ ಮೂಲಕ ಗಂಡನ ಕಿವಿಗೆ ಬಿದ್ದಿರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಯಾರೋ ಅವರಿಗೆ ಫೋನ್ ಮಾಡಿ "ಏನಪ್ಪಾ, ನಿನ್ನ ಹೆಂಡತಿ ಬಂದಿದ್ದರು" ಎನ್ನುತ್ತಾರೆ. ಆ ರಾತ್ರಿ ನೀವು ಎಲ್ಲಿರುತ್ತೀರಿ?

ನಿಮ್ಮ ಮೊದಲ ಬಾಗಿಲು ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ಈ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದ್ದು, ನಿಮ್ಮ ಅಂಗನವಾಡಿ ಕಾರ್ಯಕರ್ತೆ ಸಿಡಿಪಿಓ ಎನ್ನುವವರು. ಅವರ ಮೇಜಿನ ಮೇಲೆ ಅಂಗನವಾಡಿ ಮೊಟ್ಟೆಯ ಲೆಕ್ಕವೂ ಇರುತ್ತದೆ, ನಿಮ್ಮ ಜೀವದ ಲೆಕ್ಕವೂ ಇರುತ್ತದೆ. ಆದ್ದರಿಂದ ಬಾಯಿಮಾತಿಗೆ ನಿಲ್ಲದೆ ಬರೆದುಕೊಡಿ, ಸ್ವೀಕೃತಿ ಕೇಳಿ. ಅವರು ಕೌಟುಂಬಿಕ ಘಟನಾ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರ, ಅಂದರೆ ಜೆಎಂಎಫ್‌ಸಿ ನ್ಯಾಯಾಲಯಕ್ಕೆ ಕಳುಹಿಸುತ್ತಾರೆ. ಅದಕ್ಕೆ ಹಣ ಕೊಡಬೇಕಿಲ್ಲ. ಮೊದಲು ಠಾಣೆಗೆ ಹೋಗಿರಬೇಕೆಂಬ ಷರತ್ತೂ ಇಲ್ಲ. ವಕೀಲರೂ ಉಚಿತ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಗಂಡನಿಗೆ ಪಿಂಚಣಿ ಬರುತ್ತದೆ, ಕಬ್ಬಿದೆ, ನಿಮಗೆ ಉಚಿತ ವಕೀಲರು ಏಕೆ ಎಂದು ಯಾರಾದರೂ ಕೇಳಿದರೆ ಈ ಸಾಲನ್ನು ತೋರಿಸಿ. ಬೈಲಹೊಂಗಲದ ನ್ಯಾಯಾಲಯದ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ವಿಚಾರಿಸಿ, ಫೋನಿನಲ್ಲಾದರೆ 15100.

ಮನೆಯಲ್ಲಿ ನಿಲ್ಲಲಾಗದ ರಾತ್ರಿ ಬಂದರೆ 112. ಸಲಹೆ, ಆಶ್ರಯದ ದಾರಿ ಬೇಕಿದ್ದರೆ ಮಹಿಳಾ ಸಹಾಯವಾಣಿ 181. ಜಿಲ್ಲಾ ಕೇಂದ್ರದ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ತಂಗುವಿಕೆ, ವೈದ್ಯಕೀಯ ನೆರವು, ಪೊಲೀಸ್ ಮತ್ತು ವಕೀಲರ ಸಂಪರ್ಕ ಒಂದೇ ಕಡೆ ಸಿಗಬೇಕೆಂಬುದು ಯೋಜನೆ. ಅಲ್ಲಿಯ ತಂಗುವಿಕೆ ಕೆಲವೇ ದಿನಗಳದ್ದು, ಆಮೇಲಿನದನ್ನು ಯೋಚಿಸಿಕೊಂಡೇ ಹೋಗಬೇಕು. ಬಾಗಲಕೋಟೆ, ವಿಜಯಪುರದ ಓದುಗರಿಗೂ ಇದೇ ದಾರಿ, ಇವೇ ನಂಬರುಗಳು.

ಅರ್ಜಿಯಲ್ಲಿ ಏನು ಕೇಳಬೇಕು? ಇಲ್ಲಿ ಜಿಪುಣತನ ಬೇಡ. ಕೌಟುಂಬಿಕ ದೌರ್ಜನ್ಯ ಕಾಯ್ದೆ 2005ರದ್ದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ, ಬೈಗುಳ, ಒಪ್ಪಿಗೆಯಿಲ್ಲದ ಸಂಗ, ಹಣ ತಡೆಹಿಡಿಯುವುದು ಈ ನಾಲ್ಕನ್ನೂ ಅದು ದೌರ್ಜನ್ಯವೆಂದೇ ಕರೆಯುತ್ತದೆ. ಎಟಿಎಂ ಕಾರ್ಡು ಜೇಬಿನಲ್ಲಿಟ್ಟುಕೊಂಡು ಮಕ್ಕಳ ಫೀಗೆ ಕೈಯೊಡ್ಡಿಸುವುದು ಮನೆಯ ಒಳಗಿನ ಮಾತೆಂದು ನೀವು ಅಂದುಕೊಂಡಿದ್ದೀರಿ, ಕಾನೂನು ಅದನ್ನು ಆರ್ಥಿಕ ದೌರ್ಜನ್ಯ ಎನ್ನುತ್ತದೆ. ರಕ್ಷಣೆಯ ಆದೇಶ, ವಾಸದ ಆದೇಶ, ತಿಂಗಳ ಖರ್ಚು, ಮಕ್ಕಳ ತಾತ್ಕಾಲಿಕ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಿ. ಜೊತೆಗೆ 23ನೇ ಕಲಂ ಪ್ರಕಾರ ಮಧ್ಯಂತರ ಆದೇಶವನ್ನೂ ಕೇಳಿ. ಕುತ್ತಿಗೆ ಅದುಮಿದ್ದು ಮತ್ತು ಬಂದೂಕು ಎರಡನ್ನೂ ಪ್ರಮಾಣಪತ್ರದಲ್ಲಿ ಬರೆದಿದ್ದರೆ ಎದುರು ಪಕ್ಷದವರು ಬರುವ ಮೊದಲೇ ಆದೇಶ ಕೊಡುವ ಅವಕಾಶ ನ್ಯಾಯಾಧೀಶರಿಗಿದೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಪೂರ್ತಿ ಅರ್ಜಿ 60 ದಿನದೊಳಗೆ ಎಂದು ಕಾಯ್ದೆ ಹೇಳುತ್ತದೆ. 60 ದಿನ ಎಂಬುದು ಕಾನೂನಿನ ಆಸೆ, ಕಾರ್ಯದಲ್ಲಿ ಎಳೆಯುತ್ತದೆ. ಆದ್ದರಿಂದಲೇ ಮಧ್ಯಂತರ ಆದೇಶ ಮುಖ್ಯ. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಲಿ ಎಂದೂ ಕೇಳಬಹುದು. ಊರಿನ ಅರ್ಧ ಜನ ಕೋರ್ಟಿನ ಹೊರಗೆ ಚಹಾ ಕುಡಿಯುತ್ತಿರುವ ದಿನ ಇದರ ಬೆಲೆ ಗೊತ್ತಾಗುತ್ತದೆ.

ಮನೆ ಅತ್ತೆಯವರ ಹೆಸರಿನಲ್ಲಿದೆ, ಆದ್ದರಿಂದ ಅಲ್ಲಿ ನಿಲ್ಲುವ ಹಕ್ಕು ನನಗಿಲ್ಲ ಎಂದು ನೀವು ತಿಳಿದಂತಿದೆ. ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ಯಾರ ಹೆಸರಿದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಮನೆ ಗಂಡನ ಸಂಬಂಧಿಕರ ಹೆಸರಿನಲ್ಲಿದ್ದರೂ ದಂಪತಿ ಸಂಸಾರ ನಡೆಸಿದ ಮನೆಯಾಗಿದ್ದರೆ ಹೆಂಡತಿ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಸ್ಪಷ್ಟಪಡಿಸಿದೆ. ಮನೆ ನಿಮ್ಮದಾಗುವುದಿಲ್ಲ, ಆದರೆ ಕಾನೂನಿನ ದಾರಿಯಿಲ್ಲದೆ ನಿಮ್ಮನ್ನು ಅಲ್ಲಿಂದ ಎಬ್ಬಿಸುವಂತಿಲ್ಲ.

ಹಣದ ಬಗ್ಗೆ ಇನ್ನೊಂದು. ಇದೇ ಕಾಯ್ದೆಯ 20ನೇ ಕಲಮಿನಲ್ಲಿ ಬಹಳ ಕಡಿಮೆ ಬಳಕೆಯಾಗುವ ಒಂದು ಉಪಕಲಂ ಇದೆ: ಗಂಡ ಆದೇಶದಂತೆ ಖರ್ಚು ಕೊಡದಿದ್ದರೆ ಅವನ ಸಂಬಳದ ಒಂದು ಪಾಲನ್ನು ನೇರವಾಗಿ ಹೆಂಡತಿಗೆ ಕೊಡುವಂತೆ ಕೆಲಸ ಕೊಟ್ಟವರಿಗೇ ನ್ಯಾಯಾಧೀಶರು ಹೇಳಬಹುದು. ಅಂದರೆ ಆ ಭದ್ರತಾ ಏಜೆನ್ಸಿಗೆ. ಪಿಂಚಣಿಯನ್ನು ಮುಟ್ಟುವಂತಿಲ್ಲ ಎಂದು 1871ರ ಪಿಂಚಣಿ ಕಾಯ್ದೆ ತೋರಿಸಿ ವಾದಿಸುತ್ತಾರೆ. ಆ ರಕ್ಷಣೆ ಸಾಲಗಾರರ ವಿರುದ್ಧ, ಹೆಂಡತಿಯ ಜೀವನಾಂಶಕ್ಕೆ ಅದು ಅಡ್ಡಿಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದ್ದುಂಟು. ನಿಮ್ಮ ವಕೀಲರಿಗೆ ಇದನ್ನು ನೆನಪಿಸಿ. 2020ರ ನವೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು. ಪಿಂಚಣಿ, ಸಂಬಳ, ಕಬ್ಬಿನ ಬಿಲ್ಲು ಮೂರೂ ಅಲ್ಲಿ ಬಯಲಿಗೆ ಬರುತ್ತವೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದೂ ಅದೇ ತೀರ್ಪು ಹೇಳುತ್ತದೆ, ಹಾಗಾಗಿ ತಡ ಮಾಡಿದಷ್ಟೂ ನಷ್ಟ ನಿಮಗೇ.

ಗಂಡ ಇನ್ನೂ ಸೇವೆಯಲ್ಲಿರುವ ಹೆಣ್ಣುಮಕ್ಕಳಿಗೆ ನಡುವೆ ಒಂದು ಮಾತು: ನಿಮಗೆ ಇನ್ನೊಂದು ದಾರಿಯೂ ಇದೆ. 1950ರ ಸೇನಾ ಕಾಯ್ದೆಯಲ್ಲಿ ಹೆಂಡತಿ ಮಕ್ಕಳ ಜೀವನಾಂಶಕ್ಕೆ ಸೈನಿಕನ ಸಂಬಳದಿಂದಲೇ ಕಡಿತ ಮಾಡಲು ಅವಕಾಶವಿದೆ. ಅದಕ್ಕೆ ಘಟಕದ ಕಮಾಂಡಿಂಗ್ ಅಧಿಕಾರಿಗೆ ಬರೆಯಬೇಕು. ನಿವೃತ್ತಿಯ ದಿನ ಆ ಬಾಗಿಲು ಮುಚ್ಚುತ್ತದೆ.

ಪೊಲೀಸರು. ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಹಿಂದಿನ 498-ಎ, ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಇದು ಕ್ರಿಮಿನಲ್ ಪ್ರಕರಣ. ಹಾಕಬೇಕೇ ಬೇಡವೇ ಎಂಬುದು ನಿಮ್ಮ ತೀರ್ಮಾನ. ನಾನು ಎಲ್ಲರಿಗೂ ಒಂದೇ ಸಲಹೆ ಕೊಡುವುದಿಲ್ಲ. ಆದರೆ ಇನ್ನೊಮ್ಮೆ ಕುತ್ತಿಗೆಗೆ ಕೈ ಬಂದರೆ ಅಥವಾ ಬಂದೂಕು ಎತ್ತಿದರೆ ಯೋಚಿಸುತ್ತ ಕೂರಬೇಡಿ. "ಗಂಡ ಹೆಂಡಿರ ಜಗಳ, ಉಂಡು ಮಲಗುವ ತನಕ" ಎಂದು ಠಾಣೆಯಲ್ಲಿ ಯಾರಾದರೂ ಗಾದೆ ಹೇಳಿ ಕಳುಹಿಸಿದರೆ, ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿ ಅವರಿಗೆ ಕಳುಹಿಸಿ. ಏಟು ಬಿದ್ದ ದಿನ ಸರ್ಕಾರಿ ಆಸ್ಪತ್ರೆಗೆ ಹೋದರೆ "ಬಿದ್ದೆ" ಎನ್ನಬೇಡಿ. ಯಾರು ಹೊಡೆದರು, ಹೇಗೆ ಎಂದು ಹೇಳಿ, ಕಾನೂನಿಗೆ ಬೇಕಾಗುವ ಗಾಯದ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಹೋದ ದೀಪಾವಳಿಯದ್ದಕ್ಕೆ ಎಂಎಲ್‌ಸಿ ಇಲ್ಲದಿದ್ದರೂ ಪರವಾಗಿಲ್ಲ, ಆ ದಿನ ನಿಮ್ಮ ದನಿ ಕೂತಿತ್ತೇ, ನುಂಗಲು ಕಷ್ಟವಾಯಿತೇ, ಕಣ್ಣಲ್ಲಿ ಕೆಂಪು ಚುಕ್ಕೆ ಬಂದಿತ್ತೇ, ಯಾರು ನೋಡಿದರು ಎಂಬುದನ್ನು ಇವತ್ತೇ ಬರೆದಿಡಿ.

ಇಷ್ಟಾದ ಮೇಲೆ ಅವರ ಕಾಯಿಲೆ. ಅದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 24 ವರ್ಷ ಇನ್ನೊಬ್ಬರು ಊದಿದ ಸೀಟಿಗೆ ಎದ್ದು, ಇನ್ನೊಬ್ಬರ ಸೀಟಿಗೆ ಮಲಗಿ, ಎರಡು ಸಲ ಕಾಶ್ಮೀರ ಕಂಡು ಬಂದ ಮನುಷ್ಯ. ಅವರು ಇಲ್ಲದ ಅಷ್ಟೂ ವರ್ಷ ಹೊಲ, ಮಕ್ಕಳು, ಅತ್ತೆಯ ಔಷಧಿ, ಎಲ್ಲವನ್ನೂ ನೀವೇ ನಡೆಸಿದಿರಿ. ಈಗ ಮನೆಯಲ್ಲಿ ಇಬ್ಬರು ಯಜಮಾನರು. ರಾತ್ರಿಯ ಕಿರುಚಾಟ, ಸಣ್ಣ ಸಪ್ಪಳಕ್ಕೆ ಬೆಚ್ಚುವುದು, ಯಾರ ಜೊತೆಗೂ ಸೇರದಿರುವುದು ಆಘಾತದ ನಂತರದ ಮಾನಸಿಕ ಕಾಯಿಲೆಯ ಲಕ್ಷಣವಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಆದರೆ ಗಮನಿಸಿ: ಅವರು ಬ್ಯಾಂಕಿನ ಮ್ಯಾನೇಜರಿಗೆ ಹೊಡೆದಿಲ್ಲ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಧ್ವಜ ಹಾರಿಸಲು ಕರೆದಾಗ ಇಸ್ತ್ರಿ ಹಾಕಿದ ಅಂಗಿ ತೊಟ್ಟು ನೆಟ್ಟಗೆ ನಿಲ್ಲುತ್ತಾರೆ. ರಾತ್ರಿ ಮೂರು ಗಂಟೆಗೆ ಬೆವತು ಏಳುವುದು ಕಾಯಿಲೆ. ಸಂಜೆ ಏಳಕ್ಕೆ ಚಿಲ್ಲರೆ ಲೆಕ್ಕ ಕೇಳಿ ಕೈ ಎತ್ತುವುದನ್ನು ಅದೇ ಕಾಯಿಲೆಯ ಲೆಕ್ಕಕ್ಕೆ ಹಚ್ಚಲು ನಾನು ಒಪ್ಪುವುದಿಲ್ಲ.

ಬೆಳಗಾವಿಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ವೈದ್ಯರಿಗೆ ತೋರಿಸಿ, ಮನೋವೈದ್ಯರ ಬಳಿಗೆ ಚೀಟಿ ಬರೆಸಿಕೊಳ್ಳಬಹುದು. ಆ ಬಳಗದ ಕಣ್ಣು ತಪ್ಪಿಸಬೇಕೆಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ, ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅವರು ಒಪ್ಪದಿದ್ದರೆ ನೀವು ಮಾಡಿ, ನಿಮಗೂ ನಿದ್ದೆ ಇಲ್ಲವೆಂಬುದು ಪತ್ರದಲ್ಲೇ ಕಾಣುತ್ತದೆ. ನಿದ್ದೆಯಿಲ್ಲದ್ದಕ್ಕೆ ಎಂದು ಹೇಳಿ ಕರೆದುಕೊಂಡು ಹೋಗುವುದು ಸುಲಭ. ಕುಡಿತ ಬಿಡಿಸಲು ಎಂದರೆ ಯಾವ ಫೌಜಿಯೂ ಬರುವುದಿಲ್ಲ.

ಕುಡಿತದ ಬಗ್ಗೆ ಎರಡು ಎಚ್ಚರಿಕೆ. ಸಂತೆಯಲ್ಲಿ, ಕೆಲವು ಅಂಗಡಿಗಳಲ್ಲಿ, ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿ ಮಾರುತ್ತಾರೆ. ಅದರಲ್ಲಿ ಡೈಸಲ್ಫಿರಾಮ್‌ನಂಥ ಔಷಧಿ ಇದ್ದು ಮೇಲೆ ಮದ್ಯ ಬಿದ್ದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಹಾಗೆಯೇ ದಿನವೂ ಹೆಚ್ಚು ಕುಡಿಯುವವರ ಬಾಟಲಿಯನ್ನು ಒಂದು ದಿನ ಮೋರಿಗೆ ಸುರಿದು ಕುಡಿತ ನಿಲ್ಲಿಸಲು ಹೋಗಬೇಡಿ. ಥಟ್ಟನೆ ನಿಂತರೆ ನಡುಕ, ಫಿಟ್ಸ್, ಭ್ರಮೆ ಬರಬಹುದು. ಅದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ. ಕುಡಿತ ನಿಂತರೆ ಹೊಡೆತವೂ ತಾನಾಗಿ ನಿಲ್ಲುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಪೂರ್ತಿ ನಂಬಬೇಡಿ. ಕುಡಿಯದ ದಿನವೂ ಎಟಿಎಂ ಕಾರ್ಡು ಅವರ ಜೇಬಿನಲ್ಲೇ ಇತ್ತಲ್ಲವೇ?

ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆಯೇ ಮನೆಯೊಳಗಿನ ಹೊಡೆತಕ್ಕೆಂದೇ ಒಂದು ಪ್ರತ್ಯೇಕ ಕಾರ್ಯಕ್ರಮ ನಡೆಸುತ್ತದೆ. ಅಲ್ಲಿಯ ಆಸ್ಪತ್ರೆಗಳಲ್ಲಿ ಹೋದ ಒಂದು ವರ್ಷದಲ್ಲಿ ಸಂಗಾತಿ ಹೊಡೆದರೇ, ಹೀಯಾಳಿಸಿದರೇ, ಬೆದರಿಸಿದರೇ, ಕಿರುಚಿ ಬೈದರೇ, ಒಪ್ಪಿಗೆಯಿಲ್ಲದೆ ಸಂಗಕ್ಕೆ ಒತ್ತಾಯಿಸಿದರೇ ಎಂಬ ಐದು ಪ್ರಶ್ನೆ ಕೇಳುತ್ತಾರೆ. ಹೊಡೆಯುವ ಮಾಜಿ ಸೈನಿಕರನ್ನೇ ಗುಂಪಾಗಿ ಕೂರಿಸಿ 12 ವಾರ ತರಬೇತಿ ಕೊಡುತ್ತಾರೆ, ಯುದ್ಧಭೂಮಿಯಲ್ಲಿ ಜೀವ ಉಳಿಸಿದ ಎಚ್ಚರ ಅಡುಗೆಮನೆಯಲ್ಲಿ ಹೇಗೆ ಅನುಮಾನವಾಗುತ್ತದೆ ಎಂದು ಬಿಡಿಸಿ ತೋರಿಸುತ್ತಾರೆ. ನಮ್ಮಲ್ಲಿ ಹಾಗೆ ಒಂದೇ ಸೂರಿನ ಕೆಳಗೆ ಇಲ್ಲ. ನಾವು ನಾಲ್ಕು ಕಚೇರಿ ಸುತ್ತಬೇಕು. ಆದರೆ ಅಲ್ಲಿಂದ ಒಂದು ಸಂಗತಿ ಕಲಿಯಬಹುದು: ಹೊಡೆಯುವವರ ಚಿಕಿತ್ಸೆ ಬೇರೆ, ಹೊಡೆಸಿಕೊಂಡವರ ಆಸರೆ ಬೇರೆ. ಇಬ್ಬರನ್ನೂ ಎದುರುಬದುರು ಕೂರಿಸಿ "ಏನಾಯಿತು ಹೇಳಮ್ಮ" ಎನ್ನುವ ಸಲಹೆಗಾರರು ನಮ್ಮಲ್ಲೂ ಇದ್ದಾರೆ, ಊರಿನ ಹಿರಿಯರ ಪಂಚಾಯಿತಿಯಂತೂ ಅದೇ ರೀತಿಯದು. ಆಕೆ ನಿಜ ಹೇಳಿದರೆ ಮನೆಗೆ ಹೋದ ಮೇಲೆ ಹೊಡೆತ, ಸುಳ್ಳು ಹೇಳಿದರೆ ರಾಜಿ ಪತ್ರಕ್ಕೆ ಸಹಿ. ಹೊಡೆತ ನಿಂತು ಕೆಲವು ತಿಂಗಳಾಗುವ ತನಕ ಜೋಡಿಯಾಗಿ ಸಲಹೆಗೆ ಕೂರುವುದಿಲ್ಲ ಎಂದು ಹೇಳುವ ಹಕ್ಕು ನಿಮಗಿದೆ.

ಹೊರಡುವ ದಿನಗಳೇ ಅತ್ಯಂತ ಅಪಾಯದ ದಿನಗಳು, ಆದ್ದರಿಂದ "ನಾನು ಕೋರ್ಟಿಗೆ ಹೋಗುತ್ತೇನೆ" ಎಂದು ಬಾಯಲ್ಲಿ ಹೇಳಬೇಡಿ. ಪಿ.ಪಿ.ಓ., ಡಿಸ್ಚಾರ್ಜ್ ಬುಕ್ಕಿನ ಕುಟುಂಬದ ಪುಟ, ಬಂದೂಕಿನ ಲೈಸೆನ್ಸ್, ಉತಾರ, ಪಾಸ್‌ಬುಕ್, ಇವುಗಳ ಫೋಟೊ ತೆಗೆದು ನಂಬಿಕೆಯವರಿಗೆ ಕಳುಹಿಸಿ ನಿಮ್ಮ ಮೊಬೈಲಿನಿಂದ ಅಳಿಸಿ. ಅವರ ಮೂಲ ಕಾಗದಗಳನ್ನು ತೆಗೆಯಬೇಡಿ. ಕಳೆದದ್ದು ಗೊತ್ತಾದರೆ ಮಾತು ಬೆಳೆಯುತ್ತದೆ. ನಿಮ್ಮ ಮತ್ತು ಮಕ್ಕಳ ಆಧಾರ್, ಇಸಿಎಚ್‌ಎಸ್ ಕಾರ್ಡು ಮಾತ್ರ ನಿಮ್ಮ ಕೈಯಲ್ಲಿರಲಿ. ಆಧಾರ್ ಇದ್ದರೆ ಶಕ್ತಿ ಯೋಜನೆಯಲ್ಲಿ ಬೆಳಗಾವಿಗೂ ಧಾರವಾಡಕ್ಕೂ ಸಾಮಾನ್ಯ ಬಸ್ಸಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಹೋಗಿಬರಬಹುದು. ಬೈಲಹೊಂಗಲದಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಅಲ್ಲಿಯ ನ್ಯಾಯಾಲಯದಲ್ಲಿ ಹಾಕಬಹುದು.

ಕೊನೆಗೆ ಮಗ. ಅವನು ನಿಮ್ಮನ್ನು ಕಾಯುತ್ತಿದ್ದೇನೆಂದು ತಿಳಿದಿದ್ದಾನೆ. ತರಬೇತಿ ಪಡೆದ ಸೈನಿಕನ ಎದುರು 14ರ ಹುಡುಗ ಕುಡುಗೋಲು ಹಿಡಿದು ನಿಂತರೆ ಆ ರಾತ್ರಿ ಒಂದು ಹೆಣ ಬೀಳುತ್ತದೆ. ಯಾರದ್ದಾದರೂ ಅವನ ಜೀವನ ಮುಗಿಯಿತು. ಅವನನ್ನು ಬೈಯಬೇಡಿ. ಕೂರಿಸಿಕೊಂಡು ಅವನಿಗೆ ಬೇರೆ ಕೆಲಸ ಕೊಡಿ: ಸಪ್ಪಳ ಶುರುವಾದ ಕೂಡಲೇ ತಂಗಿಯನ್ನೋ ತಮ್ಮನನ್ನೋ ಕರೆದುಕೊಂಡು ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಹೋಗುವುದು, ಅಲ್ಲಿಂದ 112ಕ್ಕೆ ಕರೆ ಮಾಡುವುದು, ಊರಿನ ಹೆಸರು, ಮನೆಯ ಗುರುತು, "ಮನೆಯಲ್ಲಿ ಬಂದೂಕಿದೆ" ಎಂಬ ಮೂರು ಮಾತು ಹೇಳುವುದು. ನಡುವೆ ಬರಬಾರದು. ಪಕ್ಕದ ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. ಕುಡುಗೋಲನ್ನು ನೀವೇ ತೆಗೆದು ದನದ ಕೊಟ್ಟಿಗೆಯಲ್ಲಿ ಅದರ ಜಾಗದಲ್ಲಿ ಇಡಿ.

ಮತ್ತೆ ನನಗೆ ಬರೆಯುವುದಾದರೆ ಈ ಫೋನಿನಿಂದ ಬರೆಯಬೇಡಿ. ತವರಿಗೆ ಹೋದಾಗ ಅಲ್ಲಿಯವರ ಫೋನಿನಿಂದ ಬರೆಯಿರಿ, ಬಂದೂಕು ಎಲ್ಲಿದೆ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ.